ಮೂಲೆಮನೆಯಲ್ಲೊಂದು ಮತದಾನ

ಹೊಸದಾಗಿ ಹಾಕಿದ ಸ್ಲ್ಯಾಬಿನ ಮೇಲೆ ಗೋಣಿತಾಟು ಹಾಸಿ ನೀರು ಬಿಡುತ್ತಾರಲ್ಲ, ಆಗ ಒಂದು ವಾಸನೆ ಏಳುತ್ತದೆ. ಹಸಿ ಸಿಮೆಂಟು, ನೆನೆದ ಸೆಣಬು, ಸ್ವಲ್ಪ ತುಕ್ಕು. ಕಳೆದ ತಿಂಗಳು ತುಮಕೂರಿನಲ್ಲಿ ನಮ್ಮ ಬೀದಿಯ ಕೊನೆಗೆ ಏಳುತ್ತಿರುವ ಕಟ್ಟಡದ ಮುಂದೆ ಹಾದುಹೋಗುವಾಗ ಆ ವಾಸನೆ ಮೂಗಿಗೆ ಬಡಿದು, ತರಕಾರಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಬೇರೆಯವರಿಗೆ ಮಲ್ಲಿಗೆಯೋ ಒಗ್ಗರಣೆಯೋ ಹಳೆಯ ಊರನ್ನು ನೆನಪಿಗೆ ತರಬಹುದು. ನನಗೆ ಬಾಗಲಕೋಟೆಯನ್ನು ತಂದುಕೊಡುವುದು ಒದ್ದೆ ಗೋಣಿಚೀಲ. ನನ್ನ ಅಭಿರುಚಿ ಅಷ್ಟೇ ಅಂದುಕೊಳ್ಳಿ.

ಅಲ್ಲಿ ನಾನಿದ್ದದ್ದು ಒಂದೇ ಒಂದು ವರ್ಷ. ಅತಿಥಿ ಉಪನ್ಯಾಸಕಿಯಾಗಿ ರಾಜ್ಯಶಾಸ್ತ್ರ ಪಾಠ ಮಾಡಲು ಹೋಗಿದ್ದೆ. ಮುಂಗಾರು ಹಿಡಿಯುವ ಹೊತ್ತಿಗೆ ವಿದ್ಯಾಗಿರಿಯ ಒಂದು ಮೂಲೆಮನೆಯ ಮಾಳಿಗೆಯ ಮೇಲಿನ ಕೋಣೆ ಬಾಡಿಗೆಗೆ ಸಿಕ್ಕಿತು. ಕೆಳಗೆ ಮನೆಯ ಯಜಮಾನರಾದ ಗುರಪ್ಪನವರು ಮತ್ತು ಅವರ ಹೆಂಡತಿ ಶಾಂತಕ್ಕ. ನಿವೃತ್ತಿಯಾಗುವವರೆಗೆ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವರಾದ್ದರಿಂದ ಶಾಂತಕ್ಕನನ್ನು ಓಣಿಗೆ ಓಣಿಯೇ ‘ಅಕ್ಕೋರು’ ಎನ್ನುತ್ತಿತ್ತು. ಊಟ ಅವರ ಮನೆಯಲ್ಲೇ ಎಂದು ಮೊದಲ ದಿನವೇ ಗೊತ್ತಾಯಿತು. ನಾನು ‘ಪರವಾಗಿಲ್ಲ, ಅಡುಗೆ ನಾನೇ ಮಾಡಿಕೊಳ್ಳುತ್ತೇನೆ’ ಎಂದದ್ದಕ್ಕೆ ಗುರಪ್ಪನವರು ಹೆಂಡತಿಯ ಕಡೆ ತಿರುಗಿ, “ಇವರು ಮಾತಾಡಿದ್ರ ರೇಡಿಯೋ ಹಚ್ಚಿದಂಗ ಆಕ್ಕೈತಿ ನೋಡ. ಉಣ್ಣಾಕ ಹಾಕು, ಸರಿ ಹೋಗ್ತಾರ” ಎಂದರು. ಸರಿಹೋಗಲು ಎರಡು ತಿಂಗಳು ಹಿಡಿಯಿತು. ರೊಟ್ಟಿಗೂ ಖಾರದ ಹಿಂಡಿಗೂ ನಾಲಗೆ ಒಗ್ಗಿಕೊಂಡಿತು, ಮಾತು ಮಾತ್ರ ರೇಡಿಯೋದ್ದೇ ಉಳಿಯಿತು.

ಗುರಪ್ಪನವರು ಇಳಕಲ್ಲಿನ ನೇಕಾರರ ಮನೆಯವರು. ಮಗ್ಗಕ್ಕೆ ಕೂರಲು ಮನಸ್ಸಾಗದೆ ಮೀಸೆ ಮೂಡುವ ವಯಸ್ಸಿನಲ್ಲಿ ಮುಂಬೈ ಬಸ್ಸು ಹತ್ತಿ, ಅಲ್ಲಿ ಸೆಂಟ್ರಿಂಗ್ ಕೆಲಸಕ್ಕೆ ಸೇರಿ, ಕೊನೆಗೆ ಆ ಕೆಲಸದ ಮೇಸ್ತ್ರಿಯಾದವರು. ಕಾಂಕ್ರೀಟು ಸುರಿಯುವ ಮೊದಲು ಹಲಗೆಯ ಅಚ್ಚು ಕಟ್ಟಿ, ಕೆಳಗೆ ಕಂಬ ಆನಿಸಿ ನಿಲ್ಲಿಸುವ ಕೆಲಸ ಅದು. ಸ್ಲ್ಯಾಬು ಗಟ್ಟಿಯಾಗಿ ತನ್ನ ಕಾಲ ಮೇಲೆ ತಾನು ನಿಂತ ಮೇಲೆ ಅಚ್ಚೂ ಇಲ್ಲ, ಕಂಬವೂ ಇಲ್ಲ, ಮಾಡಿದವನ ಗುರುತೂ ಇಲ್ಲ. ಸಮುದ್ರದ ದಂಡೆಯ ಎಷ್ಟೋ ಗಗನಚುಂಬಿಗಳು ಅವರ ಕೈಯಲ್ಲಿ ಎದ್ದವು. ಅವರು ಮಾತ್ರ ಇದ್ದದ್ದು ಅವುಗಳ ಬುಡದ ತಗಡಿನ ಶೆಡ್ಡಿನಲ್ಲಿ. ಕಟ್ಟಡ ಮುಗಿದ ಮಾರನೆಯ ದಿನದಿಂದ ಗೇಟಿನ ಕಾವಲುಗಾರ ಅವರನ್ನು ಒಳಗೆ ಬಿಡುತ್ತಿರಲಿಲ್ಲ. ಇದನ್ನು ಹೇಳುವಾಗಲೂ ಅವರಿಗೆ ಸಿಟ್ಟಿರಲಿಲ್ಲ. “ಅವನ ಕೆಲಸ ಅಂವ ಮಾಡ್ತಾನ. ಬಿಲ್ಡಿಂಗ್ ಚೊಲೋ ನಿಂತೈತಿಲ್ಲೋ, ಅಷ್ಟ ಸಾಕು” ಎನ್ನುತ್ತಿದ್ದರು.

ಶಾಂತಕ್ಕ ಹಳೆಯ ಬಾಗಲಕೋಟೆಯಲ್ಲಿ ಹುಟ್ಟಿದವರು. ಅವರ ತವರುಮನೆ ಇದ್ದ ಓಣಿ ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿತ್ತು. ಗಂಡ ಮುಂಬೈಯಲ್ಲಿದ್ದಷ್ಟು ಕಾಲ ಇಲ್ಲಿ ಶಾಲೆ ನೋಡಿಕೊಂಡು, ಈ ಮೂಲೆಮನೆ ಕಟ್ಟಿಸಿ, ಮಗಳನ್ನು ಓದಿಸಿ ಹುನಗುಂದಕ್ಕೆ ಕೊಟ್ಟವರು ಅವರೇ. ಮನೆ ಇಬ್ಬರ ಹೆಸರಿನಲ್ಲೂ ಇತ್ತು.

ಇನ್ನು ರಾಜಕೀಯ. ಆ ಮನೆಗೆ ದಿನಾ ಎರಡು ಪತ್ರಿಕೆ ಬರುತ್ತಿದ್ದವು, ಏಕೆಂದರೆ ಒಬ್ಬರ ಪತ್ರಿಕೆಯನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ. ಗುರಪ್ಪನವರು ಜೀವನವಿಡೀ ಒಂದು ಪಕ್ಷಕ್ಕೆ, ಶಾಂತಕ್ಕ ಅದಕ್ಕೆ ನೇರ ಎದುರಿನ ಪಕ್ಷಕ್ಕೆ. ಹಿರಿಯರ ಮಾತು, ಮನೆತನದ ಕಟ್ಟು, ನಡೆದುಬಂದ ರೀತಿ, ಇವು ಗುರಪ್ಪನವರವು. ಯಾರು ಯಾರನ್ನಾದರೂ ಮದುವೆಯಾಗಲಿ, ಎಲ್ಲರಿಗೂ ಬಾಯಿ ಇರಲಿ, ಆ ಬಾಯಿಗೆ ಬೆಲೆ ಇರಲಿ, ಇವು ಶಾಂತಕ್ಕನವು. ಬೆಳಗಿನ ಚಹಾ ಹೊತ್ತಿಗೆ ಶುರುವಾದ ವಾದ ರೊಟ್ಟಿಯ ಸಪ್ಪಳದ ನಡುವೆಯೂ ನಡೆದಿರುತ್ತಿತ್ತು. ನಾನು ಕಾಲೇಜಿನಲ್ಲಿ ಮಾಡುತ್ತಿದ್ದ ಸಂಪ್ರದಾಯವಾದ, ಉದಾರವಾದದ ಪಾಠವನ್ನು ಈ ಮನೆಯ ಪಡಸಾಲೆಯಲ್ಲಿ ಕೂತೇ ತಯಾರು ಮಾಡಿಕೊಳ್ಳಬಹುದು ಎಂದು ಮೊದಲ ವಾರ ಬಹಳ ಹಿಗ್ಗಿದ್ದೆ.

ಎತ್ತರದ ಕಟ್ಟಡದ ಮಾತು ಬಂದಾಗ ನನ್ನ ಪಾಠ ತಲೆಕೆಳಗಾಯಿತು. ಹಳೆಯದನ್ನೆಲ್ಲ ಎದೆಗವಚಿಕೊಂಡಿದ್ದ ಗುರಪ್ಪನವರಿಗೆ ಗಗನಚುಂಬಿ ಎಂದರೆ ಪ್ರಾಣ. ಹೊಸದಕ್ಕೆಲ್ಲ ಬಾಗಿಲು ತೆರೆದಿಟ್ಟಿದ್ದ ಶಾಂತಕ್ಕನಿಗೆ ಅದರ ಹೆಸರೆತ್ತಿದರೆ ಆಗದು. ನನ್ನ ಪುಸ್ತಕದ ಪ್ರಕಾರ ಇದು ಉಲ್ಟಾ ಇರಬೇಕಿತ್ತು.

“ಮೇಡಂ, ಎತ್ತರದ ಬಿಲ್ಡಿಂಗ್ ಅಂದ್ರ ದೊಡ್ಡ ಮನೆತನ ಇದ್ದಂಗ,” ಎಂದು ಗುರಪ್ಪನವರು ಬೆರಳಿನ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. “ತೆಳಗಿನವ ಹೊರಬೇಕು, ಮ್ಯಾಲಿನವ ಹಗುರ ಇರಬೇಕು. ಎಲ್ಲಾರೂ ತಮ್ಮ ತಮ್ಮ ಜಾಗಾದಾಗ ಇದ್ರಂದ್ರ ಗಾಳಿ ಬಂದ್ರೂ ನಿಲ್ತೈತಿ.”

ಒಳಗಿನಿಂದ ಶಾಂತಕ್ಕನ ಧ್ವನಿ ಬರುತ್ತಿತ್ತು. “ತೆಳಗಿನವ ಎಷ್ಟ ವರ್ಷ ಹೊರಬೇಕಂತ ಕೇಳ್ರಿ ಅವರನ್ನ.”

“ನೋಡ್ರಿ, ಬಿಲ್ಡಿಂಗಿನ್ಯಾಗೂ ಪಾರ್ಟಿ ತಂದಳು.”

“ನೀವ ತಂದೀರಿ. ಕಿಟಕಿ ತಗದ್ರ ಎದುರು ಮನಿಯವರ ಮಾರಿ ಕಾಣಬೇಕು ಮೇಡಂ. ಮೋಡ ನೋಡಕೊಂತ ಎಷ್ಟ ದಿನಾ ಕೂಡ್ರತೀರಿ?”

“ಎದುರು ಮನಿ ಮಾರಿ ನೋಡಕೊಂತ ಕುಂತು, ಊರ ಸುತ್ತಲಿನ ಹೊಲ ಎಲ್ಲಾ ಪ್ಲಾಟ್ ಆದುವು. ನೀರಿಗೆ ಹೋದ ನೆಲ ಹೋತು. ಉಳದದ್ದಾದ್ರೂ ಉಳೀಬೇಕಂದ್ರ ಮ್ಯಾಲ ಹೋಗಬೇಕು.”

ಇಬ್ಬರೂ ಹೇಳುವುದು ಸರಿ ಎನಿಸಿ ನಾನು ಇಬ್ಬರಿಗೂ ತಲೆಯಾಡಿಸುತ್ತಿದ್ದೆ. ಅದು ಇಬ್ಬರಿಗೂ ಹಿಡಿಸುತ್ತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರು ಒಂದಾಗಿದ್ದರು. ಮೈತುಂಬ ಗಾಜು ಹೊದ್ದ ಕಟ್ಟಡಗಳನ್ನು ಕಂಡರೆ ಇಬ್ಬರಿಗೂ ಆಗುತ್ತಿರಲಿಲ್ಲ. ಕಾಂಕ್ರೀಟಿನ ಕೆಲಸ ಮುಚ್ಚಿಹೋಗುತ್ತದೆಂದು ಅವರಿಗೆ ಬೇಸರ, ಕಿಟಕಿ ತೆರೆಯಲು ಬರುವುದಿಲ್ಲವೆಂದು ಇವರಿಗೆ. ಒಂದು ಭಾನುವಾರ ಮೂವರೂ ಕೆರೂರ ಮೇಲೆ ಹಾಯ್ದು ಬಾದಾಮಿಗೆ ಹೋಗಿದ್ದೆವು. ಗುಹೆಯೊಳಗೆ ಎಲ್ಲರೂ ಮೂರ್ತಿಗಳನ್ನು ನೋಡುತ್ತಿದ್ದರೆ ಗುರಪ್ಪನವರು ಕತ್ತೆತ್ತಿ ಛಾವಣಿಯನ್ನೇ ನೋಡುತ್ತ ನಿಂತಿದ್ದರು. “ಮ್ಯಾಲಿಂದ ತೆಳಗ ಕಡದಾರ. ಒಂದ ಕೋಲು ಆನಿಸಿಲ್ಲ ನೋಡ್ರಿ,” ಎಂದು ಮೆಲ್ಲಗೆ ಹೇಳಿ ಕಂಬಕ್ಕೆ ಕೈ ಮುಗಿದರು. ಶಾಂತಕ್ಕ ಅಂದು ಅವರನ್ನು ಕೆಣಕಲಿಲ್ಲ.

ಶ್ರಾವಣ ಮುಗಿಯುವ ಹೊತ್ತಿಗೆ ಒಬ್ಬ ಬಿಲ್ಡರು ಬಂದ. ನಮ್ಮ ಸಾಲಿನ ನಾಲ್ಕು ಮನೆಗಳನ್ನು ಕೆಡವಿ ಹನ್ನೊಂದು ಮಹಡಿಯ ಕಟ್ಟಡ ಏಳಿಸುವುದು, ಮನೆ ಕೊಟ್ಟವರಿಗೆ ಬೇಕಾದ ಮಹಡಿಯಲ್ಲಿ ಮನೆ ಕೊಡುವುದು, ಇದು ಅವನ ಯೋಜನೆ. ಉಳಿದ ಮೂವರು ಒಪ್ಪಿಯಾಗಿತ್ತು. ಮೂಲೆಮನೆ ಉಳಿದಿತ್ತು. ಗುರಪ್ಪನವರಿಗೆ ಅವನು, ಕೆಲಸದ ಮೇಲ್ವಿಚಾರಣೆ ನಿಮ್ಮದೇ, ಎಲ್ಲಕ್ಕಿಂತ ಮೇಲಿನ ಮನೆಯೂ ನಿಮ್ಮದೇ ಎಂದ. ಆ ಸಂಜೆ ಅವರ ಮುಖ ನೋಡಬೇಕಿತ್ತು. ಬದುಕಿಡೀ ಬೇರೆಯವರಿಗಾಗಿ ಆಕಾಶಕ್ಕೆ ಮನೆ ಕಟ್ಟಿದ ಮನುಷ್ಯ, ತನ್ನ ಊರಿನಲ್ಲಿ, ತಾನು ನಿಲ್ಲಿಸಿದ ಕಟ್ಟಡದಲ್ಲಿ ತಾನೇ ವಾಸ ಮಾಡಬಹುದಿತ್ತು. ಅವರಿಗೆ ಬೇಕಾಗಿದ್ದದ್ದು ಅಷ್ಟೇ, ಮತ್ತು ಅದನ್ನು ಬಿಟ್ಟು ಇನ್ನೇನೂ ಬೇಕಾಗಿರಲಿಲ್ಲ.

ಶಾಂತಕ್ಕ ಒಂದೇ ಮಾತು ಹೇಳಿದರು. “ಒಂದು ಮನಿ ನೀರಿಗೆ ಕೊಟ್ಟೇನಿ. ಇದನ್ನ ಕೊಡೂದಿಲ್ಲ.”

ಆಮೇಲೆ ಮನೆಯಲ್ಲಿ ವಾದವೇ ನಿಂತುಹೋಯಿತು. ಎರಡು ಪತ್ರಿಕೆಗಳೂ ಮಡಿಕೆ ಬಿಚ್ಚದೆ ಬಿದ್ದಿರುತ್ತಿದ್ದವು. ಆ ಮೌನಕ್ಕಿಂತ ಹಿಂದಿನ ಜಗಳವೇ ಎಷ್ಟೋ ವಾಸಿಯಾಗಿತ್ತು. ನಾನು ಕಾಲೇಜಿನಿಂದ ಬೇಕೆಂದೇ ತಡವಾಗಿ ಬರತೊಡಗಿದೆ.

ಹೀಗೆ ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಶಾಂತಕ್ಕ ಹಿತ್ತಾಳೆಯ ತಂಬಿಗೆಯೊಂದನ್ನು ಪಡಸಾಲೆಯ ನಡುವೆ ಇಟ್ಟು, “ಓಟಿಗೆ ಹಾಕೋಣು” ಎಂದರು. ಜೋಳ ಹಾಕಿದರೆ ಕಟ್ಟಡಕ್ಕೆ ಹೌದು, ಹೆಸರುಕಾಳು ಹಾಕಿದರೆ ಬೇಡ. ಈ ಮನೆಯಲ್ಲಿ ದಿನಾ ಉಣ್ಣುವವರಿಗೆಲ್ಲ ಒಂದೊಂದು ಓಟು. ಅಂದರೆ ನನಗೂ ಇತ್ತು, ರೊಟ್ಟಿ ಬಡಿಯಲು ಬರುತ್ತಿದ್ದ ಕಾಶವ್ವನಿಗೂ ಇತ್ತು.

ನಾನು ಗಾಬರಿಯಾಗಿ, “ಅಕ್ಕೋರೆ, ನಾನು ಬಾಡಿಗೆಯವಳು. ಇದು ನಿಮ್ಮ ಮನೆಯ ವಿಷಯ” ಎಂದೆ.

“ನೀವ ಪಾಠಾ ಮಾಡ್ತೀರಲ್ರಿ, ಆಸ್ತಿ ಇದ್ದವರಿಗಷ್ಟ ಓಟು ಅನ್ನೂ ಕಾಲ ಹೋತಂತ. ಅಡಿಗಿ ಮನ್ಯಾಗ ದುಡಿಯೋರಿಗಿ ಓಟ ಇಲ್ಲಂದ್ರ ಅದೇನ್ ಓಟು?”

ಗುರಪ್ಪನವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. “ಮನಿತನದಾಗ ಓಟ ಹಾಕೂದು ನಾ ಎಲ್ಲೂ ಕೇಳಿಲ್ಲ. ನನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ” ಎಂದು ಹೊರಗೆ ಹೋಗಿಬಿಟ್ಟರು. ಹಾಗಾಗಿ ಉಳಿದವರು ಮೂವರು ಹೆಂಗಸರು. ಒಬ್ಬೊಬ್ಬರಾಗಿ ದೇವರ ಕೋಣೆಗೆ ಹೋಗಿ, ಸೆರಗಿನ ಮರೆಯಲ್ಲಿ ಒಂದು ಕಾಳು ತಂದು ತಂಬಿಗೆಗೆ ಹಾಕಿದೆವು. ಶಾಂತಕ್ಕನೇ ತಂಬಿಗೆಯನ್ನು ಮೊರದ ಮೇಲೆ ಬೋರಲು ಹಾಕಿದರು. ಎರಡು ಜೋಳ, ಒಂದು ಹೆಸರು.

ಅವರು ಕಾಳುಗಳನ್ನೇ ಸ್ವಲ್ಪ ಹೊತ್ತು ನೋಡಿದರು. ಯಾರು ಏನು ಹಾಕಿದರೆಂದು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. “ಆತು” ಎಂದು ಮೊರ ಎತ್ತಿಕೊಂಡು ಒಳಗೆ ಹೋದರು. ನಾನೇಕೆ ಜೋಳ ಹಾಕಿದೆ ಎಂದು ಈಗಲೂ ನನಗೆ ಚೆನ್ನಾಗಿ ಗೊತ್ತು. ಆ ಮನುಷ್ಯ ಬೆರಳಿನ ಮೇಲೆ ಬೆರಳಿಟ್ಟು ಮಹಡಿ ತೋರಿಸುತ್ತಿದ್ದದ್ದು ಕಣ್ಣಿನಿಂದ ಹೋಗಿರಲಿಲ್ಲ. ಕಾಶವ್ವ ಹಿತ್ತಲಲ್ಲಿ ನನ್ನ ಹತ್ತಿರ, “ನಾ ಅಣ್ಣಾರ ಮಾರಿ ನೋಡಿ ಜೋಳ ಹಾಕಿದ್ನಿ. ಅಕ್ಕಾರಿಗಿ ಕೆಟ್ಟ ಅನಸ್ತೇನ್ರಿ?” ಎಂದು ಕಣ್ಣು ತುಂಬಿಕೊಂಡಳು.

ಗುರಪ್ಪನವರು ಗೆದ್ದಿದ್ದರು. ಕಾಲು ಚಾಚಿಕೊಂಡು ಕೂತು ಹೆಂಡತಿಯ ಸಹಿಗೆ ಕಾಯಬಹುದಿತ್ತು. ಆದರೆ ಅವರಿಗೆ ಆ ಗೆಲುವು ಗೆಲುವೇ ಅಲ್ಲ. ಕಾಳು ಎಣಿಸಿ ಮನೆ ಕೆಡವುವುದೇ? ಹಿರಿಯರನ್ನು ಕೇಳಬೇಕು. ಅವರಿಗೆ ಹಿರಿಯರೆಂದು ಉಳಿದಿದ್ದವರು ಇಳಕಲ್ಲಿನ ಅಕ್ಕ ನೀಲವ್ವ ಒಬ್ಬರೇ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿದವರು. ತಾನು ಕೇಳಿದ್ದಕ್ಕೆ ಅಕ್ಕ ಎಂದೂ ಇಲ್ಲ ಅಂದವಳಲ್ಲ ಎಂಬ ಧೈರ್ಯವೂ ಗುರಪ್ಪನವರಿಗೆ ಇತ್ತೆನ್ನಿ. “ನಾಳೆ ಇಳಕಲ್ಲಿಗೆ ಹೋಗಿ ಬರ್ತೇನಿ” ಎಂದರು.

“ಮೇಡಂನೂ ಕರಕೊಂಡ ಹೋಗ್ರಿ,” ಎಂದರು ಶಾಂತಕ್ಕ. “ಇಲ್ಲಂದ್ರ ನೀವಾ ಹೋಗಿ, ನೀವಾ ಕೇಳಿ, ನೀವಾ ಹೇಳಿಕೊಂಡು ಬರ್ತೀರಿ.”

ಹೀಗೆ ನಾನು ಚುನಾವಣಾ ವೀಕ್ಷಕಿಯಾಗಿ ಇಳಕಲ್ಲಿಗೆ ಹೋದೆ. ಹಾದಿಯುದ್ದಕ್ಕೂ ಸಜ್ಜೆ, ತೊಗರಿಯ ಹಸಿರು ಮಳೆಗೆ ತೊಳೆದಂತಿತ್ತು. ಗುರಪ್ಪನವರು ಬಸ್ಸಿನಲ್ಲಿ ಕೂತು ಮೇಲಿನ ಮನೆಯ ಅಡುಗೆಮನೆ ಯಾವ ದಿಕ್ಕಿಗಿರಬೇಕು, ಶಾಂತಳಿಗೆ ತುಳಸಿ ಇಡಲು ಎಲ್ಲಿ ಜಾಗ ಮಾಡಿಸಬೇಕು ಎಂದೆಲ್ಲ ಹೇಳುತ್ತಿದ್ದರು. ಅಷ್ಟು ಸಂತೋಷವಾಗಿದ್ದ ಅವರನ್ನು ನಾನು ಆವರೆಗೆ ನೋಡಿರಲಿಲ್ಲ.

ನೀಲವ್ವ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತಿದ್ದರು. ತಮ್ಮನನ್ನು ಕಂಡು ಮುಖ ಅರಳಿತು, ಕೈ ನಿಲ್ಲಲಿಲ್ಲ. ಗುರಪ್ಪನವರು ನೆಲದ ಮೇಲೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದರು. ಹನ್ನೊಂದು ಮಹಡಿ ಎಂದಾಗ ಆಕೆ, “ಅಷ್ಟಾ?” ಎಂದು ಮೆಚ್ಚಿಕೊಂಡರು. ಮೇಲಿನ ಮನೆ ತನ್ನದೆಂದಾಗ, “ನೀ ಅದಕ್ಕ ತಕ್ಕವನ ಬಿಡು” ಎಂದರು. ನಾನು ಮನಸ್ಸಿನಲ್ಲೇ ಫಲಿತಾಂಶ ಬರೆದುಕೊಂಡೆ.

ಆಮೇಲೆ ಲಾಳಿ ಕೈಯಲ್ಲಿ ಹಿಡಿದು ಆಕೆ ಕೇಳಿದರು. “ಶಾಂತಾ ಏನಂತಾಳ?”

ಗುರಪ್ಪನವರು ಸುಳ್ಳು ಹೇಳುವವರಲ್ಲ. “ಆಕಿ ಒಲ್ಲೆ ಅಂತಾಳ.”

“ಮತ್ತ ನನ್ನ ಯಾಕ ಕೇಳಾಕ ಬಂದಿ?”

“ನೀ ಹಿರ್ಯಾಕಿ ಅದಿ ಅಕ್ಕಾ. ನಿನ್ನ ಮಾತ ನಡೀಬೇಕು.”

“ನನ್ನ ಮಾತ ನಡೀಬೇಕಂದ್ರ ಕೇಳು. ನೀ ಮುಂಬೈದಾಗ ಇದ್ದಿ. ಮನಿ ಹಿಡದು ನಿಂತಾಕಿ ಆಕಿ. ಆಕಿ ಒಲ್ಲೆ ಅಂದ್ಲಂದ್ರ ಮುಗೀತು. ನಮ್ಮವ್ವ ಇದ್ರೂ ಇದನ್ನ ಹೇಳ್ತಿದ್ಲು.” ಇಷ್ಟು ಹೇಳಿ, “ಊಟಾ ಮಾಡಿ ಹೋಗ್ರಿ” ಎಂದು ಮತ್ತೆ ನೇಯತೊಡಗಿದರು.

ಊಟ ಮಾಡಿದೆವು. ವಾಪಸು ಬರುವಾಗ ಹುನಗುಂದದಲ್ಲಿ ಇಳಿದೆವು. ಬಸ್ ನಿಲ್ದಾಣದಲ್ಲಿ ಚಹಾ ಕುಡಿಯುವಾಗ ನಾನೇ ತಡೆಯಲಾರದೆ, “ಕಾಕಾ, ಮತದಾನದಲ್ಲಿ ನೀವೇ ಗೆದ್ದಿದ್ದೀರಿ. ಅಕ್ಕೋರು ಸಹಿ ಹಾಕುತ್ತಾರೆ” ಎಂದೆ. ಅವರು ಕಪ್ಪಿನೊಳಗೆ ನೋಡುತ್ತ, “ಹಿರ್ಯಾರ ಮಾತು ನಡೀಬೇಕು ಅಂತ ಎಲ್ಲಾರಿಗೂ ಹೇಳಿಕೊಂತ ಬಂದೀನಿ ಮೇಡಂ. ನನಗ ಬ್ಯಾಡಾದಾಗ ಅಷ್ಟ ಬಿಡಾಕ ಬರೂದಿಲ್ಲ” ಎಂದರು.

ಮನೆಗೆ ಬಂದಾಗ ಶಾಂತಕ್ಕ ಪೆನ್ನು ಹಿಡಿದು ಕೂತಿದ್ದರು. ಬಿಲ್ಡರು ಕೊಟ್ಟಿದ್ದ ಒಪ್ಪಂದದ ಪತ್ರಕ್ಕೆ ಅವರ ಸಹಿ ಆಗಲೇ ಬಿದ್ದಿತ್ತು. ಅವರ ಕಣ್ಣುಗಳು ಅತ್ತು ಕೆಂಪಾಗಿದ್ದವು. “ಓಟಿನ್ಯಾಗ ಸೋತ ಮ್ಯಾಲ ಸೋತಂಗ. ನೀವೂ ಹಾಕ್ರಿ” ಎಂದರು.

“ಅಕ್ಕ ಒಲ್ಲೆ ಅಂದ್ಲು. ನಾ ಹಾಕೂದಿಲ್ಲ.”

ಅಲ್ಲಿಂದ ಮುಂದೆ ಒಂದು ವಾರ ನಡೆದ ಜಗಳಕ್ಕೆ ನಾನೇ ಸಾಕ್ಷಿ. ಶಾಂತಕ್ಕ ಹನ್ನೊಂದು ಮಹಡಿಯ ಪರವಾಗಿ ವಾದಿಸಿದರು, ಹೊಲ ಉಳಿಯುತ್ತದೆ ಎಂದರು, ಗಾಳಿ ಬೆಳಕು ಎಂದರು. ಗುರಪ್ಪನವರು ಓಣಿ, ನೆರೆಹೊರೆ, ಹೊಸ್ತಿಲು ಎಂದರು. ಒಬ್ಬರ ಮಾತು ಇನ್ನೊಬ್ಬರ ಬಾಯಲ್ಲಿ. ನಕ್ಕು ನಕ್ಕು ನನಗೆ ಸಾಕಾಯಿತು, ಆಮೇಲೆ ಕೋಣೆಗೆ ಹೋಗಿ ಅತ್ತೆ. ಓಟು ತಮ್ಮ ಕಡೆ ಬಿದ್ದಾಗ ಪ್ರಜಾಪ್ರಭುತ್ವ, ಹಿರಿಯರು ತಮ್ಮ ಪರ ಮಾತಾಡಿದಾಗ ಸಂಪ್ರದಾಯ ಎನ್ನುವವರನ್ನು ದಿನಾ ಪತ್ರಿಕೆಯಲ್ಲಿ ನೋಡುತ್ತೇವೆ. ತಮಗೆ ವಿರುದ್ಧವಾಗಿ ಬಿದ್ದ ಮೇಲೂ ತಮ್ಮ ನಂಬಿಕೆಯನ್ನು ಕೈಬಿಡದ ಇಬ್ಬರನ್ನು, ಅದೂ ಒಂದೇ ಸೂರಿನಡಿ, ನಾನು ಬೇರೆಲ್ಲೂ ಕಂಡಿಲ್ಲ. ಮಾರನೆಯ ವಾರ ತರಗತಿಯಲ್ಲಿ ಆ ಪಾಠ ಮಾಡುವಾಗ ಪುಸ್ತಕ ಮುಚ್ಚಿಟ್ಟು ಈ ಮನೆಯ ಕಥೆಯನ್ನೇ ಹೇಳಿದೆ, ಹೆಸರು ಹೇಳದೆ. ಮಕ್ಕಳಿಗೆ ಬೇಗ ತಿಳಿಯಿತು.

ಬಿಲ್ಡರಿಗೆ ಕಾಯಲು ಪುರುಸೊತ್ತಿರಲಿಲ್ಲ. ಮೂಲೆಮನೆಯನ್ನು ಬಿಟ್ಟು, ಉಳಿದ ಮೂರು ಮನೆಗಳ ಜಾಗದಲ್ಲಿ ಏಳು ಮಹಡಿಗೆ ನಕ್ಷೆ ಬದಲಾಯಿಸಿ ದಸರೆ ಮುಗಿಯುತ್ತಲೇ ಪಾಯ ತೋಡಿಸಿದ. ಮೇಲಿನ ಮನೆ ಬೇರೆ ಯಾರದೋ ಪಾಲಾಯಿತು. ಸೆಂಟ್ರಿಂಗ್ ನೋಡಿಕೊಳ್ಳಲು ಮಾತ್ರ ಗುರಪ್ಪನವರನ್ನು ಕರೆದ. ನಾನಾಗಿದ್ದರೆ ಹೋಗುತ್ತಿರಲಿಲ್ಲ. ಅವರು ಮರುದಿನವೇ ತಲೆಗೆ ವಸ್ತ್ರ ಸುತ್ತಿಕೊಂಡು ಹೋದರು. ಚಳಿಗಾಲ, ಬೇಸಿಗೆ, ಎಲ್ಲ ಕಾಲದಲ್ಲೂ ಆ ಒದ್ದೆ ಗೋಣಿತಾಟಿನ ವಾಸನೆ ನಮ್ಮ ಪಡಸಾಲೆಯಲ್ಲಿರುತ್ತಿತ್ತು. ಶಾಂತಕ್ಕ ಆ ಕಡೆ ಹೆಜ್ಜೆ ಇಡಲಿಲ್ಲ. ಆದರೆ ಎರಡು ಪತ್ರಿಕೆಗಳ ಜಗಳ ಮೊದಲಿನಂತೆ ಶುರುವಾಗಿತ್ತು, ನನಗೆ ಹೊತ್ತಿಗೆ ಸರಿಯಾಗಿ ಮನೆಗೆ ಬರುವ ಮನಸ್ಸಾಗುತ್ತಿತ್ತು.

ನಾನು ಊರು ಬಿಡುವ ವಾರ, ಮುಂಗಾರಿನ ಮೊದಲ ಮೋಡ ಕಾಣಿಸಿಕೊಂಡಿದ್ದಾಗ, ಎಲ್ಲಕ್ಕಿಂತ ಮೇಲಿನ ಸ್ಲ್ಯಾಬಿನ ಸೆಂಟ್ರಿಂಗ್ ಬಿಚ್ಚುವ ದಿನ ಬಂತು. ಅಂತಹ ದಿನ ಗುರಪ್ಪನವರು ಬೆಳಗಿನಿಂದ ಏನೂ ತಿನ್ನುವುದಿಲ್ಲ. ಆನಿಸಿದ ಕಂಬಗಳನ್ನೆಲ್ಲ ತೆಗೆಸಿ, ಬರಿದಾದ ಸ್ಲ್ಯಾಬಿನ ನಡುಮಧ್ಯೆ ಕೆಳಗೆ ತಾವೇ ಮೊದಲು ಕೂತು ಊಟ ಮಾಡುತ್ತಾರೆ. ಮುಂಬೈಯಲ್ಲಿ ಕಲಿಸಿದ ಮೇಸ್ತ್ರಿಯ ರೀತಿಯಂತೆ ಅದು. ತಾನು ನಿಲ್ಲಿಸಿದ್ದರ ಕೆಳಗೆ ತಾನು ಕೂರಲಾರದವನು ಬೇರೆಯವರ ಸಂಸಾರವನ್ನು ಹೇಗೆ ಕೂರಿಸಿಯಾನು? ಎಂದಿನಂತೆ ಬುತ್ತಿಯನ್ನು ನಾನು ಒಯ್ಯಬೇಕಿತ್ತು.

ಶಾಂತಕ್ಕ ಅಂದು ಗೋಧಿ ಹುಗ್ಗಿ ಮಾಡಿದ್ದರು. ಡಬ್ಬಿ ನನ್ನ ಕೈಗೆ ಕೊಡಲು ಬಂದವರು ಕೊಡಲಿಲ್ಲ. ಸೆರಗು ನಡುವಿಗೆ ಸಿಕ್ಕಿಸಿ, “ನಡೀರಿ” ಎಂದರು. ಕೈಪಿಡಿ ಇಲ್ಲದ ಹಸಿ ಮೆಟ್ಟಿಲು. ಗೋಡೆ ಹಿಡಿದುಕೊಂಡು, ಮಂಡಿನೋವಿಗೆ ನಡುನಡುವೆ ನಿಂತು, ಕೆಳಗೆ ನೋಡದೆ ಹತ್ತಿದರು. ಡಬ್ಬಿಯನ್ನು ನನಗೆ ಮುಟ್ಟಗೊಡಲಿಲ್ಲ.

ಗುರಪ್ಪನವರು ಕೋಣೆಯ ನಡುವೆ ಗೋಣಿಚೀಲದ ಮೇಲೆ ಕೂತಿದ್ದರು. ಸುತ್ತಲೂ ಬಿಚ್ಚಿದ ಹಲಗೆಗಳು, ಮೇಲೆ ಬರಿಯ ಬೂದು ಛಾವಣಿ. ಹೆಂಡತಿಯನ್ನು ಕಂಡು ಏಳಲು ಹೋಗಿ ಮತ್ತೆ ಕೂತರು. ಶಾಂತಕ್ಕ ತಾಟಿಗೆ ಹುಗ್ಗಿ ಬಡಿಸಿ ತುಪ್ಪ ಹಾಕಿದರು. ಗುರಪ್ಪನವರು ಕೈ ಹಾಕಲಿಲ್ಲ.

“ಮುಂಬೈದಾಗ ಎಷ್ಟ ಬಿಲ್ಡಿಂಗ್ ಎಬ್ಬಿಸೀನಿ ಶಾಂತಾ,” ಎಂದರು. “ನನ್ನ ಕೆಲಸಾ ನೋಡಾಕ ನಮ್ಮವರು ಅಂತ ಮ್ಯಾಲ ಯಾರೂ ಹತ್ತಿ ಬಂದಿದ್ದಿಲ್ಲ.”

ಶಾಂತಕ್ಕ ತಲೆಯೆತ್ತಿ ಛಾವಣಿಯನ್ನು ಈ ಮೂಲೆಯಿಂದ ಆ ಮೂಲೆಯವರೆಗೆ ನೋಡಿದರು. ಮಕ್ಕಳ ಕೈಬರಹ ತಿದ್ದುವಾಗ ಅವರು ನೋಡುತ್ತಿದ್ದದ್ದು ಹಾಗೆಯೇ ಇರಬೇಕು.

“ಭಾಳ ಎತ್ತರ ಆತು,” ಎಂದರು. “ಖರೆ, ಚೊಲೋ ಮಾಡೀರಿ.”

ಗುರಪ್ಪನವರು ತಾಟನ್ನು ಸ್ವಲ್ಪ ಮುಂದಕ್ಕೆ ಸರಿಸಿದರು. ಶಾಂತಕ್ಕ ಆ ಸ್ಲ್ಯಾಬಿನ ಕೆಳಗೆ, ನಟ್ಟನಡುವೆ, ಗಂಡನ ಎದುರಿಗೆ ಕೂತು, ಅದೇ ತಾಟಿಗೆ ಕೈ ಹಾಕಿದರು.